ಹಡಗಿನ ಹಿಂಬದಿ

ಗಜೇಂದ್ರಗಡದಿಂದ ಕಡಲಿಗೆ ಒಂದು ಇಡೀ ಹಗಲಿನ ಬಸ್ಸಿನ ದಾರಿ. ನಮ್ಮ ಕಡೆ ನೀರೆಂದರೆ ಬಾವಿ, ಕೆರೆ, ಮಳೆ ಬಿದ್ದಾಗ ಮಾತ್ರ ನೆನಪಾಗುವ ಹಳ್ಳ. ಅಂಥ ಊರಿನ ಹಳೇ ಪೇಟೆಯ ಓಣಿಯೊಂದರಲ್ಲಿ, ಎಂಟು ಅಡಿ ಅಗಲದ ಬೈಂಡಿಂಗ್ ಅಂಗಡಿಯೊಳಗೆ, ಇನ್ನೂರಾ ಹನ್ನೊಂದು ಹಡಗುಗಳಿದ್ದವು.

ಹಡಗುಗಳೆಂದರೆ ಹಡಗಿನ ಚಿತ್ರದ ಪೋಸ್ಟ್‌ಕಾರ್ಡುಗಳು. ಅಂಗಡಿಯ ರಮಜಾನಸಾಬರು ತಮ್ಮ ಹದಿನೆಂಟನೆಯ ವಯಸ್ಸಿನಿಂದ ಕೂಡಿಸುತ್ತ ಬಂದವು. ಬಹಳಷ್ಟು ಹಜ್ ಯಾತ್ರಿಕರದ್ದು. ಆ ಕಾಲದಲ್ಲಿ ಮುಂಬಯಿಯಿಂದ ಜೆದ್ದಾಕ್ಕೆ ಜಹಾಜಿನಲ್ಲೇ ಹೋಗಬೇಕು. ಮುಸಾಫಿರಖಾನೆಯಲ್ಲಿ ಜಹಾಜಿಗಾಗಿ ಕಾಯುತ್ತ ಕುಳಿತವರು ಒಂದು ಕಾರ್ಡು ಕೊಂಡು ಊರಿಗೆ ಬರೆಯುತ್ತಿದ್ದರು. ಕೆಲವು ಗೋವಾಕ್ಕೆ ದುಡಿಯಲು ಹೋದವರು ಕಳಿಸಿದವು: ಹೊಳೆ ದಾಟಿಸುವ ಫೆರಿ, ಅದರ ಮೇಲೆ ಸೈಕಲ್ಲು, ಕುರಿ, ಟೊಪ್ಪಿಗೆಯ ಪಾದ್ರಿ. ಇನ್ನು ಕೆಲವು ನರಗುಂದದ ಸಂತೆಯಲ್ಲಿ ರದ್ದಿ ಮಾರುವವನ ಗೋಣಿಚೀಲದಿಂದ ಎದ್ದು ಬಂದವು. ಅವುಗಳಲ್ಲಿ ರಂಗೂನಿನದೂ ಇತ್ತು, ಲಂಡನ್ನಿನದೂ ಇತ್ತು.

ಈ ಕಾರ್ಡುಗಳಿಗಾಗಿ ಅವರೇ ಕೈಯಾರೆ ಒಂದು ಆಲ್ಬಮ್ ಕಟ್ಟಿದ್ದರು. ಕೆಂಪು ಬಟ್ಟೆಯ ರಟ್ಟು, ತೊಗಲಿನ ಬೆನ್ನು, ಖಾಕಿ ಬಣ್ಣದ ದಪ್ಪ ಹಾಳೆ. ಹಾಳೆಗೆ ಎರಡು ಹಡಗು. ಕಡಲನ್ನೇ ನೋಡದ ಆ ಮನುಷ್ಯ ಹೊಗೆಕೊಳವೆ ನೋಡಿ ಹಡಗಿನ ಜಾತಕ ಹೇಳುತ್ತಿದ್ದರು. "ಇಕಿಗೆ ಎರಡು ಕೊಳವಿ, ಆದರೂ ನಡಗಿ ಸಾವಕಾಶ. ಇಕಿ ನೋಡ್ರಿ, ಒಂದ ಕೊಳವಿ, ಖರೇ ಓಡೂ ಕುದರಿ."

"ಚಾಚಾ, ನೀವು ಏರಿದ್ದು ಬರೇ ಕೆ.ಎಸ್.ಆರ್.ಟಿ.ಸಿ.," ಎಂದು ನಾವು ಕಾಡಿಸುತ್ತಿದ್ದೆವು.

"ಅದೂ ಜಹಾಜ ಬಿಡಪಾ. ರೋಣದ ದಾರ್‍ಯಾಗ ಏನ ಹೊಯ್ದಾಡತೈತಿ!"

ನಾವು ಅಂದರೆ ಓದಿನ ಬಳಗ. ನರಗುಂದದಲ್ಲಿ ರೈತರು ಎದ್ದುನಿಂತ ಎಂಬತ್ತರ ಮರುವರ್ಷ ಶುರುವಾದದ್ದು. ಇಬ್ಬರು ಮಾಸ್ತರರು, ಒಬ್ಬ ನೇಕಾರ, ಒಬ್ಬ ಟೇಲರ್, ಕಾಲೇಜು ಬಿಟ್ಟ ನಾನು. ಪ್ರತಿ ಐತವಾರ ಮಧ್ಯಾಹ್ನ ಅಲ್ಲೇ ಕೂಡುತ್ತಿದ್ದೆವು, ಯಾಕೆಂದರೆ ಸುತ್ತಲಿನ ಮೂರು ಊರಿನ ಗ್ರಂಥಾಲಯಗಳ ಹರಿದ ಪುಸ್ತಕಗಳು ಹೊಲಿಗೆಗೆ ಬರುವುದು ಅಲ್ಲಿಗೇ. ಹೊಲಿಯುವ ಮೊದಲು ಒಂದು ವಾರ ಅವು ನಮ್ಮವು. ಒಬ್ಬ ಗಟ್ಟಿಯಾಗಿ ಓದುವುದು, ಉಳಿದವರು ಜಗಳವಾಡುವುದು. ಯಾವ ಸಾಲಿಯೂ ಕಲಿಸದ್ದನ್ನು ನಾನು ಅಲ್ಲಿ ಕಲಿತೆ. ಭೂಮಿ ಯಾರದು, ನೀರು ಯಾರದು, ಹಸಿವು ಯಾಕೆ ಎಂದು ಕೇಳುವುದನ್ನು ಕಲಿತೆ. ನಮ್ಮ ಭಿತ್ತಿಪತ್ರಗಳು ಗೋಡೆ ಹತ್ತಿದ್ದು ಚಾಚಾ ಕುದಿಸಿ ಕೊಟ್ಟ ಅಂಟಿನಿಂದ. ಮೈದಾಹಿಟ್ಟು, ಹುಳ ತಿನ್ನದ ಹಾಗೆ ಚಿಟಿಕೆ ಮೈಲುತುತ್ತ. ಪೊಲೀಸರು ಕೆರೆದರೂ ಬಿಡದ ಅಂಟು ಅದು. ಸುಣ್ಣ ಬಳಿದರು, ಸುಣ್ಣ ಉದುರಿತು, ನಮ್ಮ ಅಕ್ಷರ ಉದುರಲಿಲ್ಲ.

ಚಾಚಾ ಮಾತ್ರ ಓದುತ್ತಿರಲಿಲ್ಲ. ಓದು ಬರುತ್ತಿತ್ತು, ಓದುತ್ತಿರಲಿಲ್ಲ. ಬೈಂಡರನ ಕೈಗೆ ಕೋರ್ಟಿನ ಕಾಗದ ಬರುತ್ತದೆ, ಆಸ್ತಿಪತ್ರ ಬರುತ್ತದೆ, ಸತ್ತವರ ಪತ್ರಗಳ ಗಂಟು ಬರುತ್ತದೆ. ಕಟ್ಟುವವನು ಓದಬಾರದು, ಓದಿದವನ ಕೈಗೆ ಯಾರೂ ಕಾಗದ ಕೊಡುವುದಿಲ್ಲ ಎಂದು ಅವರ ಉಸ್ತಾದರು ಕಲಿಸಿದ್ದರು. "ನೀವು ಓದ್ರಿ, ನಾ ಕೇಳತೇನಿ. ಕೇಳಬ್ಯಾಡ ಅಂತ ಉಸ್ತಾದ ಹೇಳಿಲ್ಲ," ಎಂದು ಸೂಜಿಗೆ ದಾರ ಪೋಣಿಸುತ್ತ ನಗುತ್ತಿದ್ದರು.

ಓದು ಮುಗಿದ ಮೇಲೆ ಚಹ. ಚಹದ ಜೊತೆ ಆಲ್ಬಮ್. ಹೊರಗೆ ಬಿಸಿಲು ಕಾಯುತ್ತಿರುತ್ತಿತ್ತು, ಒಳಗೆ ಅಂಟಿನ ಹುಳಿ ವಾಸನೆಯ ನಡುವೆ ನಾವು ಕಡಲು ದಾಟುತ್ತಿದ್ದೆವು.

ತೊಂಬತ್ತರ ನಡುವೆ ಹಜ್ಜಿನ ಜಹಾಜುಗಳು ನಿಂತವು. ಎಲ್ಲರೂ ವಿಮಾನ ಹತ್ತಿದರು. ವಿಮಾನಕ್ಕೆ ಯಾರೂ ವಾರಗಟ್ಟಲೆ ಕಾಯುವುದಿಲ್ಲ, ಹಾಗಾಗಿ ಯಾರೂ ಕಾರ್ಡು ಬರೆಯುವುದಿಲ್ಲ. ಬಳಗವೂ ಚದುರಿತು. ನನಗೆ ರೋಣದ ಹೈಸ್ಕೂಲಿನಲ್ಲಿ ನೌಕರಿ ಸಿಕ್ಕಿತು. ತಿಂಗಳಿಗೊಂದು ಐತವಾರ ಹಳೇ ಚಟಕ್ಕೆ ಅಂಗಡಿಗೆ ಹೋಗುತ್ತಿದ್ದೆ. ಚಾಚಾಗೆ ಅರವತ್ತೆಂಟು. ಆಲ್ಬಮ್ಮಿನಲ್ಲಿ ಹತ್ತು ವರ್ಷದಿಂದ ಹೊಸ ಹಡಗು ಬಂದಿರಲಿಲ್ಲ.

ಎರಡು ಸಾವಿರದ ನಾಲ್ಕು, ರಮಜಾನ್ ಹಬ್ಬ ಮುಗಿದ ಮೇಲಿನ ಒಂದು ಐತವಾರ. ನಾವಿಬ್ಬರೇ ಇದ್ದೆವು. ಐವತ್ತರ ಹೆಣ್ಣುಮಗಳೊಬ್ಬಳು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು.

"ಸಲಾಂ ಚಾಚಾ. ಗುರ್ತು ಹತ್ತಿತೇನ್ರಿ? ನಾ ಅಬ್ಬಿಗೇರಿ ದಿಲಾವರ ಹಾಜಿ ಮಗಳು, ಮೈಮುನಬಿ."

ಚಾಚಾ ಆಲ್ಬಮ್ಮಿನ ಕಡೆ ಕೈ ಚಾಚಿದರು. ಯಾವ ಮನುಷ್ಯನ ಹೆಸರು ಹೇಳಿದರೂ ಅವರಿಗೆ ಮೊದಲು ನೆನಪಾಗುವುದು ಅವನ ಹಡಗು. "ದಿಲಾವರ ಹಾಜಿ ಅಂದ್ರ ಗುಲಬದನ! ಐವತ್ತೆಂಟನೇ ಇಸವಿ. ಬಾ ತಂಗಿ, ಕುಂದ್ರು, ತೋರಸ್ತೇನಿ."

ಗುಲಬದನ ಇಡೀ ಆಲ್ಬಮ್ಮಿನ ರಾಣಿ. ಬಣ್ಣದಲ್ಲಿ ಅಚ್ಚಾದ ಕಾರ್ಡು. ಕಪ್ಪು ಮೈ, ಬಿಳಿ ಅಟ್ಟಣಿಗೆ, ಕೊಳವೆಗೆ ಎರಡು ಕೆಂಪು ಪಟ್ಟಿ. ಮೇಲಿನ ಅಟ್ಟಣಿಗೆಯಲ್ಲಿ ಟೊಪ್ಪಿಗೆಯ ಸಾಹೇಬರು ಕುರ್ಚಿ ಹಾಕಿಕೊಂಡು ಕೂತಿದ್ದರು. ಅಬ್ಬಿಗೇರಿಯ ದಿಲಾವರಸಾಬ ಅದೇ ಹಡಗಿನ ಹೊಟ್ಟೆಯಲ್ಲಿ, ಗಾಳಿ ಬೆಳಕಿಲ್ಲದ ಕೆಳಮನೆಯಲ್ಲಿ, ಚಾಪೆ ಹಾಸಿಕೊಂಡು ಹೋದ. ಬರುವಾಗ ಜ್ವರ ಬಂದು ಅಲ್ಲೇ ತೀರಿಕೊಂಡ. ಬಿಳಿ ಬಟ್ಟೆಯಲ್ಲಿ ಸುತ್ತಿ ನೀರಿಗೆ ಇಳಿಸಿದರಂತೆ. ಆಗ ಮೈಮುನಬಿಗೆ ನಾಲ್ಕು ವರ್ಷ.

ಆಕೆ ಹಡಗನ್ನು ನೋಡಲಿಲ್ಲ. "ಇದರ ಹಿಂದ ಏನ ಬರದಾರ ಅಂತ ಬೇಕಾಗೈತ್ರಿ ಚಾಚಾ."

"ಹಿಂದ?"

"ಹೂಂನ್ರಿ. ಬರೂ ತಿಂಗಳು ನಾನೂ ಮಗ ಅಲ್ತಮಶನೂ ಹಜ್‌ಗೆ ಹೊಂಟೇವಿ. ಈಗ ಊರ ಮಂದಿ ಕಡೆ ಮಾಫಿ ಕೇಳ್ಕೊಂತ ಅಡ್ಡಾಡಾಕ ಹತ್ತೇನಿ."

ನಮ್ಮ ಕಡೆ ಹಜ್‌ಗೆ ಹೊರಡುವವರು ಹಾಗೆ ಮಾಡಬೇಕು. ಮನೆಮನೆಗೆ ಹೋಗಿ, ಆಡಿದ್ದು ಮಾಡಿದ್ದು ಮಾಫ್ ಮಾಡ್ರಿ ಎಂದು ಕೇಳಬೇಕು. ಯಾರದಾದರೂ ಮನಸ್ಸು ನೋಯಿಸಿಟ್ಟು ಹೋದರೆ ಅಷ್ಟು ದೂರ ಹೋದದ್ದು ಬರೀ ತಿರುಗಾಟ.

"ಅಪ್ಪಾನೂ ಎಲ್ಲಾರ ಕಡೆ ಕೇಳಿದ್ರಂತ. ಒಬ್ಬರನ್ನ ಬಿಟ್ರು. ಮುಂಬೈಗೆ ಹ್ವಾದ ಮ್ಯಾಲ ಜೀವಕ್ಕ ಹತ್ತಿ, ನೀ ಹೋಗಿ ಕೇಳು ಅಂತ ಅಮ್ಮಾಗ ಈ ಕಾರ್ಡ ಬರದ್ರು. ಅಮ್ಮ ಹೋಗಲಿಲ್ಲ. ಹ್ವಾದ ವರ್ಷ ಸಾಯೂ ಮುಂದ ನನ್ನ ಕೈ ಹಿಡದು ಹೇಳಿದ್ಲು, ಅದೊಂದು ಮಾಡಲಿಲ್ಲ ನಾ ಅಂತ. ಯಾರ ಕಡೆ ಅಂದ್ರ ಗ್ವಾಡಿ ಕಡೆ ಮಾರಿ ಮಾಡಿದ್ಲು. ಟಪಾಲದವ ಓದಿ ಹೇಳಿದ್ನಂತ, ಅಂವನೂ ಹೋಗಿ ಮೂವತ್ತು ವರ್ಷ ಆತು. ಇನ್ನ ಇದ್ರಾಗ ಬಿಟ್ರ ಎಲ್ಲೂ ಇಲ್ಲ."

"ನೀ ಊರಾಗ ಎಲ್ಲಾರನೂ ಕೇಳಿದಿ?" ಎಂದೆ.

"ಎಲ್ಲಾರನೂ ಕೇಳೇನ್ರಿ ಮಾಸ್ತರ. ಗೌಡರ ಮನಿ, ಪ್ರಭುಲಿಂಗಪ್ಪ ಶೆಟ್ಟರ ಮನಿ, ಮಠ, ಜಮಾತಿನವರು. ಪ್ರಭುಲಿಂಗಪ್ಪ ಅವರ ಅಪ್ಪಾಗೂ ನಮ್ಮಪ್ಪಾಗೂ ಬದುವಿನ ಜಗಳ ಇತ್ತು, ಅವರ ಇರಬೇಕು ಅಂತ ಎರಡ ಸಲ ಹ್ವಾದೆ. ಇಲ್ಲವಾ, ನಿಮ್ಮಪ್ಪ ನಮ್ಮ ಮನಿಗೆ ಬಂದು ಕೈ ಮುಗದ ಹೋಗಿದ್ದ ಅಂದ್ರು."

ಎಲ್ಲರೂ ಎಂದರೆ ಯಾರು ಯಾರು ಎಂದು ನಾನು ಕೇಳಲಿಲ್ಲ. ಇಪ್ಪತ್ತು ವರ್ಷ ಅದೇ ಅಂಗಡಿಯಲ್ಲಿ ಕುಳಿತು ಯಾರು ಲೆಕ್ಕಕ್ಕಿಲ್ಲ ಎಂಬುದನ್ನೇ ಓದಿದವನು ನಾನು. ಆದರೂ ಆಕೆಯ 'ಎಲ್ಲಾರು' ನನ್ನ ಕಿವಿಗೆ ಪೂರ್ತಿಯಾಗಿಯೇ ಕೇಳಿಸಿತು.

ಚಾಚಾ ಕಾರ್ಡಿನ ಅಂಚಿಗೆ ಉಗುರು ಹಾಕಿ ನೋಡಿದರು. ಕದಲಲಿಲ್ಲ. ನಮ್ಮ ಭಿತ್ತಿಪತ್ರದ ಅದೇ ಅಂಟು. ಅದನ್ನು ಅವರು ಮೂಲೆಗಷ್ಟೇ ಹಚ್ಚುವವರಲ್ಲ. ಹಿಂಬದಿಯ ಮೂಲೆಮೂಲೆಗೂ ಸವರಿ, ಕಲ್ಲಿನಡಿ ಒಂದು ದಿನ ಇಟ್ಟು ಕೂಡಿಸಿದ್ದರು. ಬೈಂಡರನ ಹೆಮ್ಮೆ ಅದು, ಹತ್ತಿದ್ದು ಬಿಡಬಾರದು.

"ಓದಿಲ್ಲೇನ್ರಿ ಚಾಚಾ ನೀವು? ಹಚ್ಚೂ ಮುಂದ?"

"ಇಲ್ಲವಾ. ಮಂದಿ ಕಾಗದ ನಾ ಓದೂದಿಲ್ಲ." ಕಾರ್ಡಿನ ಅಂಚಿನಿಂದ ಉಗುರು ತೆಗೆದು ಹೇಳಿದರು: "ಅರವತ್ತಾರರಾಗ ಅಬ್ಬಿಗೇರಿ ಸಾಲಿ ಹಾಜರಿಪುಸ್ತಕ ಕಟ್ಟಾಕ ಬಂದಿದ್ದೆ. ನಿಮ್ಮಮ್ಮ ಮನಿತನಕ ಕರದು ಕೊಟ್ಟಳು. ರಮಜಾನ ಭಾಯಿ, ಗಟ್ಟಿ ಹಚ್ಚು ಅಂದ್ಲು. ಗಂಡನ ನೆನಪು, ಜ್ವಾಕಿ ಇರಲಿ ಅಂತ ಹೇಳ್ಯಾಳ ಅಂದ್ಕೊಂಡ್ನಿ."

ಹಾಜಿಯ ಕಡೆಯ ಅಕ್ಷರವನ್ನು ಸುಡುವ ಧೈರ್ಯ ಆ ಹೆಂಗಸಿಗಿರಲಿಲ್ಲ. ಮನೆಯಲ್ಲಿ ಇಟ್ಟುಕೊಳ್ಳುವ ಧೈರ್ಯವೂ ಇರಲಿಲ್ಲ. ಯಾರೂ ಓದಲಾಗದ ಜಾಗ ಹುಡುಕಿದಳು. ಮೂವರಿಗೂ ಅದು ಒಟ್ಟಿಗೇ ಅರ್ಥವಾಯಿತು.

ಮೊದಲು ಬೇರೆ ಕಾರ್ಡಿನ ಮೇಲೆ ನೋಡೋಣ ಎಂದರು ಚಾಚಾ. ಆಲ್ಬಮ್ಮಿನ ಕೊನೆಯ ಹಾಳೆಯಿಂದ ಮಸುಕಾದ ಒಂದು ಹಡಗು ಆರಿಸಿ, ಒದ್ದೆ ಅರಿವೆ ಹೊದಿಸಿ ಕುಳಿತರು. ಚಹ ಬಂತು, ಆರಿತು. ಅರ್ಧ ತಾಸಿಗೆ ಕಾರ್ಡು ಮೆತ್ತಗಾಗಿ ಎದ್ದಿತು. ಹಿಂಬದಿಯಲ್ಲಿ ನೀಲಿ ನೀರು. ಶಾಯಿಯೆಲ್ಲ ಅಂಟಿನ ಜೊತೆ ಕಲೆತು ಹರಡಿತ್ತು. ಮೂಲೆಯಲ್ಲಿ ಎರಡೇ ಮಾತು ಉಳಿದಿದ್ದವು: 'ಎಮ್ಮಿ ಈತೇನು'. ಯಾವ ಊರಿನವನೋ, ಮುಂಬಯಿಯ ಬಂದರಿನಲ್ಲಿ ಕುಳಿತು ಮಕ್ಕಾದ ಕಡೆ ಮುಖ ಮಾಡಿದವನು ಮನೆಯ ಎಮ್ಮೆಯ ಬಗ್ಗೆ ಕೇಳಿದ್ದ. ಉಳಿದದ್ದು ನಮ್ಮ ಕಣ್ಣೆದುರೇ ಹೋಯಿತು.

ಚಾಚಾ ಆ ಎರಡು ಮಾತನ್ನು ಬಹಳ ಹೊತ್ತು ನೋಡಿದರು. ಜೀವಮಾನದಲ್ಲಿ ಅವರು ಓದಿದ ಮೊದಲ ಹಿಂಬದಿ ಅದು.

"ಇನ್ನೂರಾ ಹನ್ನೊಂದು ಮಂದಿ ಬಾಯಿಗೆ ಅಂಟ ಬಡದೇನಿ, ಮಾಸ್ತರ," ಎಂದರು.

ಎಷ್ಟು ಐತವಾರ ಆ ಹಾಳೆ ತಿರುವಿದ್ದೆವು! ಕೊಳವೆ ಎಣಿಸಿದೆವು, ಅಟ್ಟಣಿಗೆ ಎಣಿಸಿದೆವು, ಸಾಹೇಬರ ಟೊಪ್ಪಿಗೆ ನೋಡಿ ಬೈದೆವು. ದುಡಿಯುವವರ ಹೆಸರು ಹೇಳುತ್ತಿದ್ದ ನಮ್ಮಲ್ಲಿ ಒಬ್ಬನೂ, ಕೆಳಮನೆಯ ಜನ ಏನು ಹೇಳಿದ್ದಾರೆ ಎಂದು ಕೇಳಲಿಲ್ಲ.

"ಬ್ಯಾರೆ ದಾರಿ ಐತೇನ್ರಿ ಚಾಚಾ?" ಮೈಮುನಬಿ ಕೇಳಿದಳು.

"ಐತಿ. ಹಿಂದಿಂದ ಬಿಡಿಸಾಕ ಬರೂದಿಲ್ಲ. ಮುಂದಿಂದ ಕೆರಕೋಂತ ಹೋಗಬೇಕು. ಕಾರ್ಡಂದ್ರ ಪದರ ಪದರ ಇರತೈತಿ. ಚಿತ್ರ ತಗದು, ಅದರ ಕೆಳಗಿಂದು ತಗದು, ಹಿಂದಿನ ಕಡೇ ಪದರ ಅಷ್ಟ ಉಳಿಸಿದ್ರ ಶಾಯಿ ಈ ಕಡೆ ಕಾಣತೈತಿ." ಗುಲಬದನದ ಮೇಲೆ ಬೆರಳಾಡಿಸಿದರು. "ಇಕಿ ಉಳಿಯೂದಿಲ್ಲ."

"ನಿಮ್ಮ ಜೀವ ಅದರಾಗ ಐತಿ, ನಂಗ ಗೊತ್ತೈತಿ. ಬ್ಯಾಡ ಅಂದ್ರ ಬ್ಯಾಡ್ರಿ. ಹಂಗ ಹೋಗತೇನಿ." ಆಕೆ ಎದ್ದಳು. "ಹೋಗಿ ಅಲ್ಲಿ ನಿಂತು ಏನ ಕೇಳಲಿ ಅನ್ನೂದು ಅಷ್ಟ ತಿಳಿವಲ್ದು. ನಮ್ಮಪ್ಪಂದ ಅರ್ಧಕ್ಕ ನಿಂತೈತಿ, ನಂದು ಹ್ಯಾಂಗ ಪೂರಾ ಆಗತೈತಿ?"

ಆಕೆ ಓಣಿಯ ತಿರುವಿನವರೆಗೆ ಹೋದ ಮೇಲೆ ಚಾಚಾ ಹೊರಗೆ ಬಂದು ಕೂಗಿದರು: "ಬರೂ ಐತವಾರ ಬಾ ತಂಗಿ. ಹಗಲ ಬೆಳಕಿದ್ದಾಗ ಬಾ!"

ಮುಂದಿನ ಐತವಾರ ನಾನು ಹೋಗುವಷ್ಟರಲ್ಲಿ ಕೆಲಸ ನಡೆದಿತ್ತು. ಆ ಹಾಳೆಯನ್ನು ಆಲ್ಬಮ್ಮಿನಿಂದ ಕೊಯ್ದು ಹಲಗೆಗೆ ಬಿಗಿದಿದ್ದರು. ತೊಗಲು ತೆಳ್ಳಗೆ ಮಾಡುವ ರಂಪಿಗೆ, ಅದನ್ನು ಮಲಗಿಸಿ ಹಿಡಿದು ಸವರುತ್ತಿದ್ದರು. ಅಟ್ಟಣಿಗೆಯ ಸಾಹೇಬರು ಆಗಲೇ ಅಳಿಸಿಹೋಗಿದ್ದರು. ಕೊಳವೆಯ ಕೆಂಪು ಪಟ್ಟಿ ಅವರ ತೊಡೆಯ ಮೇಲೆ ಪುಡಿಯಾಗಿ ಬಿದ್ದಿತ್ತು. ಮೈಮುನಬಿ ಗೋಡೆಗೆ ಆನಿಕೊಂಡು ಕೂತಿದ್ದಳು.

ರಂಪಿಗೆ ಇಟ್ಟು ಪಾಲಿಶ್ ಪೇಪರ್ ತೆಗೆದುಕೊಂಡರು. ಉಜ್ಜುವುದು, ಊದುವುದು, ಬೆರಳಿನಿಂದ ಮುಟ್ಟಿ ನೋಡುವುದು. ಚಾಚಾನ ಬೆರಳಿಗೆ ಕಾಗದದ ದಪ್ಪ ತಿಳಿಯುತ್ತಿತ್ತು, ಕಣ್ಣು ಬೇಕಿರಲಿಲ್ಲ. ಕಡಲು ಹೋಯಿತು. ಹಡಗಿನ ಕಪ್ಪು ಮೈ ಬೂದಿಯಾಯಿತು. ಬೂದಿಯ ಕೆಳಗಿನಿಂದ ನೀಲಿ ಎಳೆಗಳು ಒಂದೊಂದಾಗಿ ಮೇಲೆ ಬಂದವು.

"ಉಲ್ಟಾ ಅದಾವು," ಎಂದೆ. ಹಿಂದಿನಿಂದ ಕಾಣುವ ಅಕ್ಷರ, ಕನ್ನಡಿಯಲ್ಲಿ ಮಾತ್ರ ನೆಟ್ಟಗಾಗುತ್ತದೆ. ಎದುರಿನ ಕಟಿಂಗ್ ಅಂಗಡಿಯ ಅಯ್ಯಪ್ಪ ಕನ್ನಡಿ ಹಿಡಿದು ಬಂದ.

"ಏನ್ ಚಾಚಾ, ಹಡಗಿಗೂ ದಾಡಿ ಮಾಡಾಕ ಹತ್ತೀರಿ? ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ ಮತ್ತ."

"ಕನ್ನಡಿ ಕೊಟ್ಟು ಬಾಯಿ ಮುಚ್ಚಲೇ," ಎಂದರು ಚಾಚಾ. ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು ನನ್ನ ಕಡೆ ನೋಡಿದರು. ನಾನು ಮೈಮುನಬಿಯ ಕಡೆ ನೋಡಿದೆ.

ನಾಲ್ಕನೇ ಇಯತ್ತೆ ಕಲಿತವಳು. ಕನ್ನಡಿಯೊಳಗೆ ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಮೈಮುನಾನ ತಾಯಿಗೆ... ಸಲಾಂ. ನಾಳೆ ಜಹಾಜು ಬಿಡತೈತಿ. ಎಲ್ಲಾರ ಕಡೆ ಮಾಫಿ ಕೇಳಿ ಬಂದೇನಿ... ಮಾಳವ್ವನ ಕಡೆ ಕೇಳಲಿಲ್ಲ." ನಿಂತಳು. ಮತ್ತೆ ಓದಿದಳು. "ಹೋಗಬೇಕಂದೆ, ಕಾಲ ಏಳಲಿಲ್ಲ. ಗೆಜ್ಜಿ ಸಂಗತಿ ನಿನಗ ಗೊತ್ತೈತಿ. ನೀ ಹೋಗಿ ಕೇಳು. ಆಕಿ ಹೂಂ ಅಂದ್ರ ಇಲ್ಲಿ ನನಗ ತಿಳೀತೈತಿ."

"ಮಾಳವ್ವ ಯಾರು?" ಎಂದರು ಚಾಚಾ.

ಮೈಮುನಬಿಗೆ ಗೊತ್ತಿರಲಿಲ್ಲ. ಗೌಡರ ಮನೆಯಲ್ಲಿ, ಶೆಟ್ಟರ ಮನೆಯಲ್ಲಿ, ಮಠದಲ್ಲಿ, ಜಮಾತಿನಲ್ಲಿ, ಆಕೆ ಕೈಮುಗಿದ ಯಾವ ಮನೆಯಲ್ಲೂ ಆ ಹೆಸರು ಇರಲಿಲ್ಲ. ಮಾಫಿ ಕೇಳಲು ಹೋದವರು ದೊಡ್ಡ ಬಾಗಿಲುಗಳ ಮುಂದೆಯೇ ನಿಂತು ಬಂದಿದ್ದರು, ಅಪ್ಪನೂ, ಮಗಳೂ. ಅಬ್ಬಿಗೇರಿಯ ತೆಂಕಣ ಅಂಚಿನಲ್ಲಿ, ಮಳೆ ನೀರು ಹರಿದುಹೋಗುವ ಕಡೆ, ಒಂದು ಕೇರಿ ಇದೆ. ಅಲ್ಲಿಗೆ ಆ ಪದ್ಧತಿ ಹೋಗಿಯೇ ಇರಲಿಲ್ಲ.

ಮರುದಿನ ಮೈಮುನಬಿ ಆ ಕೇರಿಗೆ ಹೋದಳು. ಐವತ್ತು ವರ್ಷದಲ್ಲಿ ಮೊದಲನೇ ಸಲ. ಮೈಲಾರಪ್ಪ ಎಂಬ ಮುದುಕ ಹೇಳಿದನಂತೆ, ಮಾಳವ್ವ ಇದ್ದಾಳೆ, ಊರು ಬಿಟ್ಟು ಹೋಗಿ ಬಹಳ ಕಾಲವಾಯಿತು, ಲಕ್ಕಲಕಟ್ಟಿಯಲ್ಲಿ ಮಗಳ ಹತ್ತಿರ ಇದ್ದಾಳೆ ಎಂದು.

ಲಕ್ಕಲಕಟ್ಟಿಗೆ ಮೂವರೂ ಟಂಟಂ ಆಟೋದಲ್ಲಿ ಹೋದೆವು. ಚಾಚಾನನ್ನು ಯಾರೂ ಕರೆದಿರಲಿಲ್ಲ, ಅಂಗಡಿಗೆ ಬೀಗ ಹಾಕಿ ತಾವೇ ಬಂದು ಕುಳಿತರು. ತಗಡಿನ ಚಪ್ಪರದ ಕೆಳಗೆ ಒಬ್ಬ ಮುದುಕಿ ಹತ್ತಿಕಾಯಿಂದ ಅರಳೆ ಬಿಡಿಸುತ್ತ ಕೂತಿದ್ದಳು. ಸಣ್ಣ ಮೈ, ಎತ್ತರದ ದನಿ.

"ಯಾರಪಾ? ಓಟಿಗೆ ಬಂದವರಾದ್ರ ಮಗಳು ಹೊಲಕ್ಕ ಹೋಗ್ಯಾಳ, ಸಂಜಿಗೆ ಬರ್‍ರಿ."

"ಓಟಿಗಲ್ಲ ಯವ್ವಾ. ನಾ ಅಬ್ಬಿಗೇರಿ ದಿಲಾವರಸಾಬರ ಮಗಳು, ಮೈಮುನಾ."

ಅರಳೆ ಬಿಡಿಸುವ ಕೈ ನಿಲ್ಲಲಿಲ್ಲ. "ಮೈಮುನಾ," ಎಂದಳು. "ನನ್ನ ತೊಡಿ ಮ್ಯಾಲ ಮಲಗಾಕಿ. ಬಲಗಿವಿ ಹಿಂದ ಒಂದು ಮಚ್ಚಿ ಇತ್ತು."

ಮೈಮುನಬಿಯ ಕೈ ಸೆರಗಿನೊಳಗೆ ಕಿವಿಯ ಹಿಂದೆ ಹೋಯಿತು. ಆಮೇಲೆ ಕೆಳಗೆ, ಮಣ್ಣಿನಲ್ಲೇ ಕುಳಿತಳು. ಕಾರ್ಡಿನಲ್ಲಿದ್ದುದನ್ನು ಹೇಳಿದಳು. ನಮ್ಮಪ್ಪಂದು, ನಮ್ಮಮ್ಮಂದು ಏನಿದ್ದರೂ ಮಾಫ್ ಮಾಡು ಎಂದಳು. ಏನು ಎಂದು ತನಗೆ ಗೊತ್ತಿಲ್ಲ ಎಂದೂ ಹೇಳಿದಳು.

"ಗೊತ್ತಿಲ್ಲದ್ದಕ್ಕ ಹ್ಯಾಂಗ ಕೇಳತೀ? ಕೇಳು ಹಂಗಾರ." ಮಾಳವ್ವ ಹೇಳತೊಡಗಿದಳು, ಬೇರೆ ಯಾರದೋ ಸಂಗತಿ ಹೇಳುವಂತೆ. "ಸುಗ್ಗಿ. ನಿಮ್ಮ ಕಣದಾಗ ಜ್ವಾಳದ ರಾಶಿ. ನಿಮ್ಮವ್ವ ನಿನ್ನ ನನ್ನ ಕಡೆ ಬಿಟ್ಟು ಬುತ್ತಿ ತರಾಕ ಹೋಗಿದ್ಲು. ಬಂದು ನೋಡಿದ್ರ ನಿನ್ನ ಒಂದು ಕಾಲಾಗ ಗೆಜ್ಜಿ ಇಲ್ಲ. ಬೆಳ್ಳೀದು. ನೀ ರಾಶ್ಯಾಗ ಹೊಳ್ಳಾಡಾಕ ಹತ್ತಿದ್ದಿ, ಅದರಾಗ ಬಿದ್ದಿರತೈತಿ ಅಂದೆ. ಯಾರ ಕೇಳತಾರ? ನಿಮ್ಮಪ್ಪ ಚಾವಡಿಗೆ ಒಯ್ದ. ಎಲ್ಲಾರ ಮುಂದ ನನ್ನ ಉಡಿ ಝಾಡಿಸಿದ್ರು. ಕುಬಸದ ಗಂಟ ಬಿಚ್ಚಿಸಿದ್ರು. ಇಪ್ಪತ್ತು ವರ್ಷದಾಕಿ ನಾ. ಮರುದಿನದಿಂದ ಯಾರೂ ಕೂಲಿಗೆ ಕರೀಲಿಲ್ಲ. ಕಳ್ಳಿ ಮಾಳಿ ಅಂದ್ರು. ನನ್ನ ಗಂಡ ಇಲ್ಲಿಗೆ ಕರ್ಕೊಂಡ ಬಂದ, ಬಂದರೂ ಹೆಸರು ನಮಗಿಂತ ಮೊದಲ ಬಂದಿತ್ತು."

"ರಾಶಿ ಹಗೇವಿಗೆ ಹೋಗಿರಬೇಕು," ಎಂದು ಚಾಚಾ ಮೆಲ್ಲಗೆ ಅಂದರು. ನೆಲದೊಳಗಿನ ಆ ಕಣಜವನ್ನು ವರ್ಷಕ್ಕೊಮ್ಮೆ ಮಾತ್ರ ತೆಗೆಯುತ್ತಾರೆ.

"ಹ್ಞಾಂ, ಹಗೇವು. ಮುಂದಿನ ವರ್ಷ ತಗದಿರತಾರ. ಸಿಕ್ಕೋ ಇಲ್ಲೋ ಮಾತ್ರ ನನಗ ಯಾರೂ ಹೇಳಲಿಲ್ಲ."

ಮೈಮುನಬಿಯ ಮುಖ ಬಿಳಿಚಿತು. "ನನ್ನ ಅಲ್ತಮಶ ಹುಟ್ಟಿದಾಗ ಅಮ್ಮ ಕೊಟ್ಟಳು ಯವ್ವಾ, ನನ್ನ ಸಣ್ಣಂದಿನ ಗೆಜ್ಜಿ. ಅಂವಗ ಹಾಕಿದ್ದೆ."

"ಒಂದೋ, ಎರಡೋ?"

"ಎರಡೂ."

ಮಾಳವ್ವನ ಕೈ ಆಗ ನಿಂತಿತು. ಅರಳೆ ಮಡಿಲಲ್ಲಿ ಹಾಗೇ ಉಳಿಯಿತು. ನಲವತ್ತೇಳು ವರ್ಷ ಆಕೆ ಕಾದ ಸಾಕ್ಷಿ ಅದು. ಅದು ಒಂದು ಮಗುವಿನ ಎರಡೂ ಕಾಲಿನಲ್ಲಿ ಮನೆತುಂಬ ಗಲಗಲ ಎಂದು ಓಡಾಡಿತ್ತು.

"ಮಾಫ್ ಮಾಡು ಯವ್ವಾ," ಮೈಮುನಬಿ ಕಾಲಿಗೆ ಕೈ ಚಾಚಿದಳು.

ಮಾಳವ್ವ ಕಾಲು ಹಿಂದೆ ತೆಗೆದುಕೊಂಡಳು. "ನಿಮ್ಮಪ್ಪ ನನ್ನ ಮಂದ್ಯಾಗ ಕಳ್ಳಿ ಅಂದ. ನೀ ಇಲ್ಲಿ ನನ್ನ ಬಾಗಲದಾಗ, ಯಾರೂ ಇಲ್ಲದಾಗ ಬಂದು ಕೇಳಾಕ ಹತ್ತೀ. ಇದು ಹ್ಯಾಂಗ ಸರಿಹೊಂದತೈತಿ? ಚಾವಡ್ಯಾಗ ಹೇಳು. ಅದ ಕಟ್ಟಿ ಮ್ಯಾಲ. ಅಲ್ಲಿತನಕ ನಾ ಹೂಂ ಅನ್ನೂದಿಲ್ಲ."

ತಿರುಗಿ ಬರುವಾಗ ಕೂಡುರಸ್ತೆಯಲ್ಲಿ ಇಳಿಯುವ ಮುಂದೆ ಮೈಮುನಬಿ ಅಂದಳು: "ಅಪ್ಪಾಗ ಊರಾಗ ಹಾಜಿ ಅಂತಾರ್‍ರಿ ಮಾಸ್ತರ. ನಾಳೆ ಏನಂತಾರೋ."

"ಹೇಳೂದು ಬಿಡ್ತೀ ಏನು?"

"ಹೇಳತೇನಿ. ಹೇಳಿ ಬಂದ ಮ್ಯಾಲ ಅಳತೇನಿ."

ಮುಂದಿನ ಸೋಮವಾರ ಹೊತ್ತೇರುವ ಹೊತ್ತಿಗೆ ಅಬ್ಬಿಗೇರಿಯ ಚಾವಡಿ ಕಟ್ಟೆಯ ಮೇಲೆ ಎಂದಿನಂತೆ ಹಿರಿಯರು ಕೂತಿದ್ದರು. ಮಾಳವ್ವ ಮಗಳ ಕೈ ಹಿಡಿದು ಟಂಟಂನಿಂದ ಇಳಿದಳು. ಹಸಿರು ಸೀರೆ ಉಟ್ಟಿದ್ದಳು. ಕೇರಿಯಿಂದ ಮೈಲಾರಪ್ಪ ಹತ್ತು ಹದಿನೈದು ಜನರನ್ನು ಕಟ್ಟಿಕೊಂಡು ಬಂದು ದೂರದಲ್ಲಿ ನಿಂತಿದ್ದ. ಮೈಮುನಬಿ ಕಟ್ಟೆ ಹತ್ತಿದಳು. ಹೆಣ್ಣುಮಕ್ಕಳು ಹತ್ತುವ ಕಟ್ಟೆಯಲ್ಲ ಅದು. ಕೂತವರು ಚಕ್ಕಳಮಕ್ಕಳ ಬಿಚ್ಚಿ ಸರಿದರು.

ಪ್ರಭುಲಿಂಗಪ್ಪ ಶೆಟ್ಟರು ಮೆತ್ತಗೆ ಅಂದರು: "ತಂಗಿ, ದೊಡ್ಡ ಮನಿತನದ ಮಾತು. ನಿಮ್ಮಪ್ಪ ಹಾಜಿ ಆಗಿ ನೀರಪಾಲಾದಂವ. ಮನ್ಯಾಗ ಕುಂತು ಬಗೀಹರಿಸ್ಕೋರಿ. ಬೈಲಿಗೆ ಯಾಕ ತರತೀ?"

"ಬೈಲಾಗ ಆಗಿದ್ದು ಕಾಕಾ. ಆವತ್ತ ನಿಮ್ಮಪ್ಪನೂ ಇಲ್ಲೇ ಕುಂತಿದ್ರಂತ. ಅವರು ಮನ್ಯಾಗ ಕುಂದರ್‍ರಿ ಅನ್ನಲಿಲ್ಲ."

ಯಾರೋ ಕೆಮ್ಮಿದರು. ಹಿಂದಿನಿಂದ ಗೋಣೆಪ್ಪ ಎಂಬ ಮುದುಕ, "ಹೇಳವಾ, ಹೇಳು. ನಾನೂ ಇದ್ದೆ ಆವತ್ತ," ಎಂದ.

ಮೈಮುನಬಿ ಹೇಳಿದಳು. ಕಾರ್ಡು ತಂದಿದ್ದರೂ ಬಿಚ್ಚಲಿಲ್ಲ, ಎಲ್ಲ ಬಾಯಿಗೆ ಬಂದಿತ್ತು. ಗೆಜ್ಜೆ ಕಳವಾಗಿರಲಿಲ್ಲ, ಹಗೇವಿನಲ್ಲಿ ಸಿಕ್ಕಿತ್ತು, ನಮ್ಮಪ್ಪನಿಗೆ ಗೊತ್ತಿತ್ತು, ನಮ್ಮಮ್ಮನಿಗೆ ಗೊತ್ತಿತ್ತು, ಹೇಳಲಿಲ್ಲ. ಆ ಬೆಳ್ಳಿಯನ್ನು ನನ್ನ ಮಗನ ಕಾಲಿಗೆ ಹಾಕಿದೆವು. ಮಾಳವ್ವ ಕಳ್ಳಿಯಲ್ಲ. ಕಳ್ಳರು ನಾವು. ಕೊನೆಯ ಮಾತಿಗೆ ದನಿ ಒಡೆಯಿತು, ಆದರೂ ಕೇಳುವಷ್ಟು ಗಟ್ಟಿಯಾಗಿ ಇತ್ತು. ಚಾಚಾ ನನ್ನ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತು, ಓದು ಕೇಳುತ್ತಿದ್ದ ಹಳೇ ಐತವಾರಗಳ ಹಾಗೆಯೇ, ಒಂದೊಂದು ಮಾತನ್ನೂ ಕೇಳಿಸಿಕೊಳ್ಳುತ್ತಿದ್ದರು.

ಮಾಳವ್ವ ಕಟ್ಟೆಯ ಕೆಳಗಿದ್ದಳು. "ಮತ್ತೊಮ್ಮಿ ಹೇಳು," ಎಂದಳು. "ಆ ಮೂಲ್ಯಾಗ ನಿಂತವರಿಗೆ ಕೇಳಿಲ್ಲ."

ಮೈಮುನಬಿ ಮತ್ತೊಮ್ಮೆ ಹೇಳಿದಳು, ಮೊದಲಿನಿಂದ ಕೊನೆಯವರೆಗೆ.

ಮಾಳವ್ವ ಕಟ್ಟೆಯ ಮೇಲಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಮೈಮುನಬಿಯನ್ನು ಕೈಸನ್ನೆ ಮಾಡಿ ಕೆಳಗೆ ಕರೆದು, ಸೆರಗು ಸರಿಸಿ ಕಿವಿಯ ಹಿಂದಿನ ಮಚ್ಚೆ ನೋಡಿದಳು.

"ಹೂಂ," ಎಂದಳು. "ನಿಮ್ಮಪ್ಪಂದು ಮುಗೀತು. ನೀ ಹೋಗಿ ಬಾ."

ಮೈಮುನಬಿ ಆಕೆಯ ಕೈಗೆ ಹಣೆ ಹಚ್ಚಿದಳು.

"ಬಂದ ಮ್ಯಾಲ ಲಕ್ಕಲಕಟ್ಟಿಗೆ ಬಾ," ಎಂದಳು ಮಾಳವ್ವ, ಮಗಳ ಹೆಗಲಿಗೆ ಕೈ ಹಾಕಿ ಟಂಟಂನ ಕಡೆ ತಿರುಗುತ್ತ. "ನಿಮ್ಮವ್ವಂದು ಇನ್ನೂ ಮಾತಾಡೂದೈತಿ."